ಚೈನೀಸ್ ಹೋಟೆಲಿನಲ್ಲಿ ಆಯಿ

ಬೀದರಿನ ಹೊಸ ಹೋಟೆಲುಗಳ ಬೋರ್ಡನ್ನು ಒಮ್ಮೆ ನಿಂತು ಓದಬೇಕು. ‘ಚೈನೀಸ್, ತಂದೂರಿ, ಮೊಘಲಾಯಿ, ಸೌತ್ ಇಂಡಿಯನ್’ ಎಂದು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಪೀಕಿಂಗಿನಿಂದ ಉಡುಪಿಯವರೆಗಿನ ಭೂಗೋಳವೆಲ್ಲ ಆ ನಾಲ್ಕು ಮಾತಿನಲ್ಲಿ ಮುಗಿದುಹೋಗುತ್ತದೆ. ಬೀದರಿಗೆ ಈಗ ದೇಶದ ನಾನಾ ಕಡೆಯಿಂದ ಮಕ್ಕಳು ಓದಲು ಬರುತ್ತಾರೆ. ಮಕ್ಕಳು ಬಂದಲ್ಲಿಗೆ ಅವರ ನಾಲಗೆಯೂ ಬರುತ್ತದಲ್ಲವೆ? ಹೀಗಾಗಿ ನೂಡಲ್ಸ್, ಗೋಬಿ ಮಂಚೂರಿ ಎಂಬ ಮಾತುಗಳು ಭಾಲ್ಕಿ, ಔರಾದಿನ ಸಂಜೆಯ ತಳ್ಳುಗಾಡಿಗಳಿಗೂ ಇಳಿದು ಬಂದು ಬಹಳ ದಿನಗಳಾದವು.

ಆದರೆ ಬೀದರಿನಲ್ಲಿ ಹೊಸದಾಗಿ ತೆರೆದ ಒಂದು ಹೋಟೆಲಿನ ಸುದ್ದಿ ಬೇರೆಯದೇ ಆಗಿತ್ತು. ಅಲ್ಲಿ ಚೀನೀ ಪದ್ಧತಿಯಲ್ಲಿ ಇಡೀ ಕೋಳಿಯನ್ನು ಕೊಕ್ಕೆಗೆ ನೇತುಹಾಕಿ ಒಲೆಯಲ್ಲಿ ಹುರಿದು ಕೊಡುತ್ತಾರಂತೆ ಎಂದು ಒಂಬತ್ತನೆಯ ತರಗತಿಯ ನನ್ನ ಮಗ ವರದಿ ತಂದ. ಪಿಯುಸಿ ಮುಗಿಸಿ ಬೆಂಗಳೂರಿನ ಕಾಲೇಜಿಗೆ ಹೊರಟು ನಿಂತಿದ್ದ ಮಗಳು ಕೂಡಲೇ ಬೇಡಿಕೆ ಮುಂದಿಟ್ಟಳು: ‘ನಾ ಹೋಗೂದಕ್ಕಿಂತ ಮೊದಲ ಎಲ್ಲಾರೂ ಕೂಡಿ ಒಂದ್ ಸಲ ಅಲ್ಲಿ ಉಣಬೇಕು. ಎಲ್ಲಾರೂ ಅಂದ್ರ ಆಯಿನೂ.’

ತೊಡಕು ಇದ್ದದ್ದೇ ಆ ಕೊನೆಯ ಮಾತಿನಲ್ಲಿ. ನಮ್ಮ ಅವ್ವ, ಮಕ್ಕಳ ಆಯಿ, ಔರಾದ ತಾಲ್ಲೂಕಿನ ಹಳ್ಳಿಯಲ್ಲಿ ಕನ್ನಡ ಮರಾಠಿ ಎರಡನ್ನೂ ಮನೆಮಾತಾಗಿಸಿಕೊಂಡು ಬೆಳೆದವಳು. ಪಂಢರಾಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಕೊಂಡು ಮಾಳಕರಿ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಅಂದಿನಿಂದ ಮಾಂಸ, ಮೊಟ್ಟೆ ಮುಟ್ಟಿಲ್ಲ. ನಮ್ಮ ಊಟಕ್ಕೆ ಅಡ್ಡ ಬಂದವಳೂ ಅಲ್ಲ. ‘ನೀವ್ ಉಣ್ರಿ, ನನ್ನ ಗಡಗಿ ಮುಟ್ಟಬ್ಯಾಡ್ರಿ’ ಎಂಬ ಒಂದೇ ಕಟ್ಟಳೆಯಲ್ಲಿ ಭಾಲ್ಕಿಯ ನಮ್ಮ ಮನೆಯ ಎರಡು ಒಲೆಗಳೂ ನೆಮ್ಮದಿಯಿಂದ ಉರಿಯುತ್ತಿದ್ದವು.

ಅವಳಿಗೆ ಆ ದಿನಗಳಲ್ಲಿ ಇದ್ದ ಚಿಂತೆ ಒಂದೇ. ಸೀಟು ಸಿಕ್ಕ ಸುದ್ದಿ ಕೇಳಿದಾಗಿನಿಂದ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು: ‘ಅಲ್ಲಿ ಏನ್ ಉಣ್ತದ ಈ ಕೂಸು?’ ಕಾಲೇಜು ಯಾವುದು, ಫೀ ಎಷ್ಟು ಎಂದು ಒಮ್ಮೆಯೂ ಕೇಳಲಿಲ್ಲ. ಹೋಟೆಲಿನ ಮಾತು ಬಂದಾಗ ಅವಳು ತನ್ನದೇ ಸೂಚನೆ ಕೊಟ್ಟಳು: ‘ಎಲ್ಲಾರೂ ಕೂಡಿ ಉಣಬೇಕಂದ್ರ ನಾನಕ ಝೀರಾಕ್ಕ ಹೋಗಮ್. ಲಂಗರದಾಗ ಒಂದೇ ಸಾಲಿಗಿ ಕುಂತು ಉಣಮ್. ನನಗೂ ನಡೀತದ.’

ಮಗಳು ಬಿಡಲಿಲ್ಲ. ‘ಆಯಿ, ಅಲ್ಲಿ ಎಲ್ಲಾರೂ ಒಂದೇ ಊಟ ಉಣ್ತಾರ. ಹಾಸ್ಟೆಲಿನಾಗ ಹಂಗ ಇರಲ್ಲ. ಬ್ಯಾರೆ ಬ್ಯಾರೆ ಉಣ್ಣೋರ ನಡುವ ಹೆಂಗ ಕೂಡಬೇಕು, ನೀನೇ ತೋರಸು.’

ಅವ್ವ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಎರಡು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿಯೊಂದಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಸ್ಸಿಗೆ ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದಳು.

ಹೋಟೆಲಿನ ಗೋಡೆಯ ಮೇಲೆ ‘ಹೊರಗಿನ ತಿಂಡಿ ತರಬಾರದು’ ಎಂಬ ಬರಹವಿತ್ತು. ಗಲ್ಲೆಯ ಮೇಲಿದ್ದ ಮಾಲೀಕರು ಅವ್ವನ ಕೈಯ ಗಂಟನ್ನು ನೋಡಿದರು, ಕೊರಳ ಮಾಲೆಯನ್ನು ನೋಡಿದರು. ನನ್ನ ಹೆಂಡತಿ ಏನೋ ವಿವರಿಸಲು ಹೋದಳು. ಅವರು ಕೈಯೆತ್ತಿ ತಡೆದು ‘ಕೂಡ್ರಿ ಅಮ್ಮಾ’ ಎಂದರು, ಅಷ್ಟೆ. ಮೂಲೆಯ ಮೇಜಿನ ತುದಿಯಲ್ಲಿ ಅವ್ವ ತನ್ನ ಬಟ್ಟೆಯನ್ನೇ ಹಾಸಿ ರೊಟ್ಟಿ ಬಿಚ್ಚಿದಳು. ನಾವು ಉಳಿದವರು ಕೋಳಿಗೆ ಹೇಳಿದೆವು.

ಬಂದ ಕೋಳಿ ಕಂದು ಬಣ್ಣದ್ದಾಗಿತ್ತು. ಮಗನ ಮುಖ ಸಪ್ಪಗಾಯಿತು. ಚೈನೀಸ್ ಎಂದರೆ ಕೆಂಪಗೆ ಹೊಳೆಯಬೇಕು ಎಂಬುದು ಅವನು ಗೋಬಿ ಮಂಚೂರಿಯಿಂದ ಕಲಿತ ಪಾಠ. ಆ ಕೆಂಪಿನ ಕಥೆಯನ್ನು ಮಕ್ಕಳೂ ಪೋಷಕರೂ ತಿಳಿದಿರುವುದು ಒಳ್ಳೆಯದು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳ ಪೈಕಿ 107 ಸುರಕ್ಷಿತವಲ್ಲ ಎಂದು ಕಂಡುಬಂದಿತ್ತು. ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಎಂಬ ಬಣ್ಣಕ್ಕೂ ಆಗಲೇ ತಡೆ ಬಿತ್ತು. ಅದೇ ವರ್ಷದ ಜೂನಿನಲ್ಲಿ ಕಬಾಬುಗಳ ಬಣ್ಣವನ್ನೂ ನಿಷೇಧಿಸಲಾಯಿತು.

ಕೋಳಿ ಕಂದಾದದ್ದು ಹೇಗೆಂದು ಮಗಳು ತಮ್ಮನಿಗೆ ಅಲ್ಲಿಯೇ ಪಾಠ ಮಾಡಿದಳು. ಸೋಯಾ ಸಾಸು, ಸಕ್ಕರೆ ಪಾಕ ಸವರಿದ ಚರ್ಮವನ್ನು ಮೊದಲು ಗಾಳಿಗೆ ಒಣಗಿಸುತ್ತಾರೆ. ಚರ್ಮದಲ್ಲಿ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಆರಿ ಬಿಸಿ ಸುಮಾರು 140 ಡಿಗ್ರಿಗೆ ಏರಿದಾಗ ಸಕ್ಕರೆಯ ಅಂಶವೂ ಪ್ರೋಟೀನೂ ಕೂಡಿಕೊಂಡು ಕಂದು ಬಣ್ಣ, ಹುರಿದ ವಾಸನೆ ಎರಡೂ ಹುಟ್ಟುತ್ತವೆ. ಅವ್ವನ ರೊಟ್ಟಿಯ ಮೇಲೆ ಏಳುವ ಕಂದು ಚುಕ್ಕೆಗಳ ಹಿಂದೆ ಇರುವುದೂ ಇದೇ ರಸಾಯನ! ಮೇಜಿನ ಆ ತುದಿಗೂ ಈ ತುದಿಗೂ ಇದ್ದ ಮೊದಲ ನೆಂಟಸ್ತಿಕೆಯನ್ನು ಹೀಗೆ ವಿಜ್ಞಾನವೇ ಬೆಸೆಯಿತು.

ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಹಾಂಗ್‌ಕಾಂಗಿನಲ್ಲಿ ಬಾತುಕೋಳಿ, ಹಂದಿಮಾಂಸಗಳನ್ನು ಹೀಗೆ ಹುರಿದು ಅಂಗಡಿಯ ಗಾಜಿನ ಹಿಂದೆ ಸಾಲಾಗಿ ನೇತುಹಾಕುತ್ತಾರೆ. ಹುದುಗಿಸಿದ ಕೆಂಪು ಅಕ್ಕಿಯಿಂದ ಬಣ್ಣ ತರುವುದು ಅಲ್ಲಿನ ಹಳೆಯ ರೂಢಿ. ಚಕ್ರಮೊಗ್ಗು, ಲವಂಗ, ದಾಲ್ಚಿನ್ನಿ, ಸೋಂಪು ಅವರ ಮಸಾಲೆಯಲ್ಲೂ ಇವೆ, ನಮ್ಮ ಬಿರಿಯಾನಿಯಲ್ಲೂ ಇವೆ.

ಚೀನೀಯರು ಈ ದೇಶದಲ್ಲಿ ನೆಲೆಸಿದ್ದೂ ನಿನ್ನೆ ಮೊನ್ನೆಯ ಮಾತಲ್ಲ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚೆವ್ ಎಂಬಾತ ಕೊಲ್ಕತ್ತದ ಸಮೀಪ ಸಕ್ಕರೆ ಕಾರ್ಖಾನೆ ಕಟ್ಟಿದ. ಆ ಊರಿಗೆ ಇಂದಿಗೂ ಅವನದೇ ಹೆಸರು, ಅಚಿಪುರ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯವರು ನೆನಪಿಡಬಹುದಾದ ಸಂಗತಿ ಇದು. ಮಂಚೂರಿಯೋ, ಕೊಲ್ಕತ್ತದಲ್ಲಿ ಹುಟ್ಟಿ ಬೆಳೆದ ಚೀನೀ ಮನೆತನದ ನೆಲ್ಸನ್ ವಾಂಗ್ ಮುಂಬಯಿಯಲ್ಲಿ 1975ರಲ್ಲಿ ಹುಟ್ಟಿಸಿದ ತಿನಿಸು ಎನ್ನುತ್ತಾರೆ.

ಕೋಳಿ ತಂದುಕೊಟ್ಟ ಹುಡುಗನೇ ಅದನ್ನು ಹುರಿದವನು. ಹತ್ತೊಂಬತ್ತು ಇಪ್ಪತ್ತರ ಪ್ರಾಯ. ಅವ್ವ ತನ್ನ ಬೀದರಿ ಹಿಂದಿಯಲ್ಲಿ ಅವನನ್ನು ವಿಚಾರಿಸತೊಡಗಿದಳು. ಊರು ಯಾವುದು? ನೇಪಾಳದ ಒಂದು ಹಳ್ಳಿ. ಮನೆಯಲ್ಲಿ ಯಾರಿದ್ದಾರೆ? ತಾಯಿ, ಅಜ್ಜಿ. ಅಲ್ಲಿ ಏನು ಉಣ್ಣುತ್ತಿದ್ದೆ? ಬೇಳೆ, ಅನ್ನ. ‘ಇಲ್ಲಿ ದಿನಾ ಈ ಕೋಳೀನೇ ಏನು?’ ಹುಡುಗ ನಕ್ಕುಬಿಟ್ಟ. ಅದು ಗಿರಾಕಿಗಳಿಗೆ. ತನ್ನ ಕೋಣೆಯ ಜೊತೆಗಾರ ಔರಾದ ಕಡೆಯವನು. ಅವನ ಮನೆಯಿಂದ ಬರುವ ಬುತ್ತಿಯಲ್ಲಿ ಇಬ್ಬರಿಗೂ ಪಾಲು. ಜೋಳದ ರೊಟ್ಟಿ ಮೊದಮೊದಲು ಗಂಟಲಿಗೆ ಇಳಿಯುತ್ತಿರಲಿಲ್ಲ, ಈಗ ಪುಂಡಿ ಪಲ್ಯ ಇದ್ದರೆ ಎರಡು ಸಾಲುವುದಿಲ್ಲ ಎಂದ.

ಅವ್ವ ತನ್ನ ಗಂಟಿನಲ್ಲಿ ಉಳಿದಿದ್ದ ಒಂದು ರೊಟ್ಟಿಯನ್ನು ಹಿಂಡಿಯ ಸಮೇತ ಅವನ ಕೈಗಿಟ್ಟಳು. ನಾವು ಯಾರೂ ಮಾತನಾಡಲಿಲ್ಲ. ಮಗಳು ಮಾತ್ರ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಬಹಮನಿ ಸುಲ್ತಾನರ ಕಾಲದಲ್ಲಿ, 1470ರ ಸುಮಾರಿಗೆ, ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಬೀದರಿಗೆ ಬಂದು ಕೆಲಕಾಲ ಇದ್ದ. ಈ ನಾಡಿನಲ್ಲಿ ಮತಗಳು ಹಲವು, ಒಬ್ಬರು ಇನ್ನೊಬ್ಬರ ಜೊತೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ ಎಂದು ಅವನು ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾನೆ. ಐದೂವರೆ ಶತಮಾನಗಳ ಬಳಿಕವೂ ಆ ಮಾತು ಪೂರ್ತಿ ಸುಳ್ಳಾಗಿಲ್ಲ. ಆದರೆ ಒಂದೇ ಊಟ ಉಂಡರೆ ಮಾತ್ರ ಕೂಡಿ ಉಂಡಂತೆ ಎಂದೇನೂ ಇಲ್ಲವಲ್ಲ! ಅವ್ವ ತನ್ನ ಮಾಲೆಯ ನೇಮವನ್ನು ಒಂದೆಳೆಯೂ ಸಡಿಲಿಸಲಿಲ್ಲ. ನಮ್ಮ ತಟ್ಟೆಯನ್ನು ನೋಡಿ ಮೂಗು ಮುರಿಯಲೂ ಇಲ್ಲ. ಮೊಮ್ಮಗಳು ತೋರಿಸು ಎಂದದ್ದನ್ನು ಅವಳು ರೊಟ್ಟಿ ಮುರಿಯುತ್ತಲೇ ತೋರಿಸಿದ್ದಳು.

ಹತ್ತನೆಯ ತರಗತಿ, ಪಿಯುಸಿ ಮುಗಿಯಿತೆಂದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ಹೈದರಾಬಾದಿಗೋ ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ. ನಾವು ಹಾಸಿಗೆ ಸುತ್ತಿ, ಡಬ್ಬಿಯಲ್ಲಿ ಹಿಂಡಿ ತುಂಬಿ ಕಳಿಸುತ್ತೇವೆ. ಆ ಹಿಂಡಿ ಹದಿನೈದು ದಿನಕ್ಕೆ ಮುಗಿಯುತ್ತದೆ. ಹೊಸ ಊಟವನ್ನು ‘ಇದರಲ್ಲಿ ಏನು ಹಾಕಿದ್ದೀರಿ’ ಎಂದು ಅಂಜದೆ ಕೇಳುವ ರೂಢಿ, ತನಗೆ ಒಲ್ಲದ್ದನ್ನು ಇನ್ನೊಬ್ಬರು ಉಣ್ಣುವಾಗ ಅದೇ ಮೇಜಿಗೆ ಕೂರುವ ರೂಢಿ, ಇವೆರಡನ್ನೂ ಕಟ್ಟಿ ಕಳಿಸಲು ಯಾವ ಡಬ್ಬಿಯೂ ಬೇಡ. ಹೊರಡುವ ಮೊದಲು ಮನೆಯವರೆಲ್ಲ ಒಮ್ಮೆ ಅಪರಿಚಿತ ಮೇಜಿಗೆ ಜೊತೆಯಾಗಿ ಕುಳಿತರೆ ಸಾಕು.

ಮಗಳು ಈಗ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ಕೋಣೆಯಲ್ಲಿ ಇನ್ನೂ ಮೂವರು, ಮೂರು ರಾಜ್ಯದವರು. ಪ್ರತಿ ರವಿವಾರ ಫೋನ್ ಬಂದಾಗ ಅವ್ವನೇ ಮೊದಲು ಎತ್ತಿಕೊಳ್ಳುತ್ತಾಳೆ. ಏನು ಉಂಡಿ ಎಂದು ಕೇಳುವುದನ್ನು ಅವಳು ಬಿಟ್ಟಿದ್ದಾಳೆ. ಈಗ ಅವಳ ಮೊದಲ ಪ್ರಶ್ನೆ: ‘ಇವತ್ತ ಯಾರ್ ಜೋಡಿ ಉಂಡಿ?’