‘ನೀರು ಉಳಿಸಿ’ ಅಂತ ಯಾರಿಗೆ ಹೇಳ್ತಿದ್ದೀವಿ?

1/6
ಡಿಗ್ರಿಯಲ್ಲಿ ‘ಪರಿಸರ ಅಧ್ಯಯನ’ ಅಂತ ಒಂದು ಪೇಪರ್ ಇತ್ತಲ್ಲ, ನೆನಪಿದ್ಯಾ? ಬಿ.ಎ., ಬಿ.ಕಾಂ., ಬಿ.ಎಸ್ಸಿ., ಏನೇ ಓದಿರಲಿ, ಎಲ್ಲರಿಗೂ ಕಡ್ಡಾಯ. ಎಲ್ಲರೂ ಬರೆದ್ವಿ, ಎಲ್ಲರೂ ಪಾಸಾದ್ವಿ. ಈಗ ಅದರಲ್ಲಿ ಏನಿತ್ತು ಅಂತ ಕೇಳಿದ್ರೆ ‘ಓಝೋನ್ ಪದರ’ ಅನ್ನೋದು ಬಿಟ್ಟು ಇನ್ನೇನೂ ಯಾರ ಬಾಯಲ್ಲೂ ಬರಲ್ಲ.

ಆ ಪೇಪರ್ ಸುಮ್ನೆ ಬಂದಿದ್ದಲ್ಲ. ಎಂ.ಸಿ. ಮೆಹ್ತಾ ಅನ್ನೋ ವಕೀಲರು ಹಾಕಿದ್ದ ಕೇಸಿನಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪರಿಸರದ ಬಗ್ಗೆ ಶಾಲೆ, ಕಾಲೇಜುಗಳಲ್ಲಿ ಕಲಿಸಲೇಬೇಕು. ಹೇಳಿದ್ದು ಸರಿಯಾಗಿ ಜಾರಿಯಾಗಲಿಲ್ಲ ಅಂತ ಮೆಹ್ತಾ ಮತ್ತೆ ಕೋರ್ಟಿಗೆ ಹೋದರು. 2003ರಲ್ಲಿ ಕೋರ್ಟ್ ಎನ್‌ಸಿಇಆರ್‌ಟಿಗೆ ಪಠ್ಯಕ್ರಮ ತಯಾರಿಸೋಕೆ ಹೇಳಿತು. ಸಂವಿಧಾನದಲ್ಲೂ ಇದೆ. ಪರಿಸರ ಕಾಪಾಡೋದು ಮೂಲಭೂತ ಕರ್ತವ್ಯ ಅಂತ 1976ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ, ವಿಧಿ 51ಎ.

ಅಂದ್ರೆ ಕಾನೂನು ಇದೆ, ಆದೇಶ ಇದೆ, ಪುಸ್ತಕ ಇದೆ, ಪರೀಕ್ಷೆನೂ ಇದೆ. ಆದ್ರೂ ನಮ್ಮ ತಲೆಯಲ್ಲಿ ಯಾಕೆ ಏನೂ ಉಳಿದಿಲ್ಲ? ಬಿ.ಎಡ್. ಇಂಟರ್ನ್‌ಶಿಪ್‌ಗೆ ಹೋಗೋ ತನಕ ಈ ಪ್ರಶ್ನೆ ನನಗೂ ಬಂದಿರಲಿಲ್ಲ. ಈ ಸಲದ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಟೈಮ್ ಇದ್ದಾಗ ಓದಿ.

2/6
ನನಗೆ ಸಿಕ್ಕಿದ್ದು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 86 ಮಕ್ಕಳು, ನಾಲ್ಕು ಕೊಠಡಿ. ಮನೆಯಲ್ಲಿ ಹೆಚ್ಚಿನವರು ತೆಲುಗು, ಕ್ಲಾಸಲ್ಲಿ ಕನ್ನಡ, ಆಟದಲ್ಲಿ ಎರಡೂ. ಕಾಂಪೌಂಡ್ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ‘ನೀರು ಅಮೂಲ್ಯ, ಮಿತವಾಗಿ ಬಳಸಿ’. ಪಕ್ಕದಲ್ಲಿ ಒಂದು ನಲ್ಲಿಯ ಚಿತ್ರ, ಅದರಿಂದ ಒಂದು ಹನಿ ಬೀಳ್ತಿದೆ.

ಒಂದು ದಿನ ಗೋಡೆಬರಹಗಳನ್ನ ಓದಿಸಿ, ಅರ್ಥ ಹೇಳಿ ಅಂದೆ. ಕೊನೇ ಬೆಂಚಿನ ಹುಡುಗ ಎದ್ದು ನಿಂತ.

‘ಮಿಸ್, ನಮ್ಮೂರಿಗೆ ನೀರು ಬರೋದೇ ಎರಡು ದಿನಕ್ಕೊಂದ್ಸಲ. ಅದರಲ್ಲಿ ಇನ್ನು ಏನು ಉಳಿಸೋದು?’

ಕ್ಲಾಸೆಲ್ಲ ನಕ್ಕಿತು. ಅವನು ತಮಾಷೆಗೆ ಕೇಳಿದ್ದಲ್ಲ.

ಯೋಚನೆ ಮಾಡಿ ಫ್ರೆಂಡ್ಸ್. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಶವರ್ ಬದಲು ಬಕೆಟ್‌ನಲ್ಲಿ ಸ್ನಾನ ಮಾಡಿ, ಕಾರು ತೊಳೆಯೋಕೆ ಪೈಪ್ ಬಳಸಬೇಡಿ. ಪರಿಸರದ ಪಾಠದಲ್ಲಿ ನಾವು ಹೇಳೋದೆಲ್ಲ ಇಂಥದ್ದೇ. ಇದು ನೀರು ಚೆಲ್ಲೋರಿಗೆ ಹೇಳಬೇಕಾದ ಮಾತು. ಆ ಹುಡುಗನ ಮನೆಯಲ್ಲಿ ಶವರೂ ಇಲ್ಲ, ಕಾರೂ ಇಲ್ಲ. ಪಾತ್ರೆ ತೊಳೆದ ನೀರು ಬಾಳೆ ಗಿಡಕ್ಕೆ ಹೋಗುತ್ತೆ. ಮಿತ ಬಳಕೆ ಏನು ಅಂತ ಅವನ ಅಮ್ಮನೇ ನಮಗೆ ಪಾಠ ಮಾಡಬಹುದು. ಅವನಿಗೆ ಬೇಕಿದ್ದ ಪಾಠ ಬೇರೆ: ನಮ್ಮೂರಲ್ಲಿ ನೀರು ಯಾಕಿಲ್ಲ? ಮೊದಲು ಇತ್ತಾ? ಎಲ್ಲಿ ಹೋಯ್ತು? ಏನು ಮಾಡಿದ್ರೆ ಬರುತ್ತೆ?

ಸುಸ್ಥಿರತೆ ಅಂತ ದೊಡ್ಡ ಪದ ಬಳಸ್ತೀವಲ್ಲ, ಅದು ಶುರುವಾಗೋದು ಇಂಥ ಪ್ರಶ್ನೆಗಳಿಂದ ಅಂತ ನನಗನ್ನಿಸಿತು. ಗೋಡೆಬರಹ ಉತ್ತರ ಕೊಡುತ್ತೆ, ಪ್ರಶ್ನೆ ಕೇಳೋಕೆ ಬಿಡಲ್ಲ.

3/6
ನನ್ನ ಮೆಥಡ್ ಗಣಿತ. ಏಳನೇ ಕ್ಲಾಸಿಗೆ ವಿಸ್ತೀರ್ಣದ ಪಾಠ ಮಾಡಬೇಕಿತ್ತು. ಪುಸ್ತಕದಲ್ಲಿ ಆಯತಾಕಾರದ ತೋಟ ಇರುತ್ತೆ, ಅದರ ಸುತ್ತ ಬೇಲಿ ಇರುತ್ತೆ. ನಾವು ಶಾಲೆಯ ಚಾವಣಿ ತಗೊಂಡ್ವಿ.

ಮಕ್ಕಳು ಟೇಪ್ ಹಿಡಿದು ಅಳೆದರು. ಒಂದು ಕೊಠಡಿ 8 ಮೀಟರ್ ಉದ್ದ, 6 ಮೀಟರ್ ಅಗಲ, 48 ಚದರ ಮೀಟರ್. ನಾಲ್ಕು ಸೇರಿ 192. ಆಮೇಲೆ ಒಂದು ಸಣ್ಣ ಸತ್ಯ ಹೇಳಿದೆ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಅದು ಸರಿಯಾಗಿ ಒಂದು ಲೀಟರ್. ನಂಬಲಿಲ್ಲ. ಬೋರ್ಡ್ ಮೇಲೆ ಬಿಡಿಸಿ ತೋರಿಸಿದ ಮೇಲೆ ‘ಅಯ್ಯೋ, ಹೌದಲ್ವಾ ಮಿಸ್’ ಅಂದ್ರು.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. 192ನ್ನ 700ರಿಂದ ಗುಣಿಸಿದ್ರೆ 1,34,400 ಲೀಟರ್. ಆರಿ ಹೋಗೋದು, ಸೋರಿ ಹೋಗೋದು ಅಂತ ನೂರಕ್ಕೆ ಇಪ್ಪತ್ತು ಕಳೆದ್ರೂ 1,07,520. ಶೇಕಡಾ ಲೆಕ್ಕವೂ ಆಯ್ತು.

ಆಗ ಒಬ್ಬಳು ಕೇಳಿದಳು, ‘ಅಷ್ಟು ನೀರು ಇಡೋಕೆ ನಮ್ಮತ್ರ ಟ್ಯಾಂಕ್ ಎಲ್ಲಿದೆ ಮಿಸ್?’ ಸರಿಯಾದ ಪ್ರಶ್ನೆ. ಹಾಗಾಗಿ ಲೆಕ್ಕ ಬದಲಾಯಿಸಿದ್ವಿ. ಒಂದೇ ಒಂದು ಒಳ್ಳೆ ಮಳೆ, 20 ಮಿ.ಮೀ. ಬಿದ್ರೆ ಚಾವಣಿಯಿಂದ 3,072 ಲೀಟರ್ ಸಿಗುತ್ತೆ. ದಿನಕ್ಕೆ ಒಬ್ಬರಿಗೆ ಎರಡು ಲೀಟರ್ ಕುಡಿಯೋ ನೀರು ಅಂದ್ರೆ 86 ಮಕ್ಕಳಿಗೆ 172 ಲೀಟರ್. ಭಾಗಿಸಿ ನೋಡಿ: ಒಂದು ಮಳೆಗೆ 17 ದಿನದ ನೀರು.

ಮೊದಲು ಪ್ರಶ್ನೆ ಕೇಳಿದ ಹುಡುಗ ಇದ್ದನಲ್ಲ, ಅವನನ್ನ ಎಲ್ಲರೂ ‘ಲೆಕ್ಕದಲ್ಲಿ ವೀಕು’ ಅಂತಿದ್ರು. ಅವನಪ್ಪ ಮೂರು ಬೋರ್‌ವೆಲ್ ಕೊರೆಸಿ ಮೂರೂ ಫೇಲ್ ಆಗಿತ್ತು. 900 ಅಡಿ, 1,200 ಅಡಿ, 1,350 ಅಡಿ. ಅಡಿಗೆ ಎಷ್ಟು ರೇಟು, ಎಷ್ಟು ಅಡಿ ದಾಟಿದ್ರೆ ರೇಟು ಎಷ್ಟು ಏರುತ್ತೆ, ಕೇಸಿಂಗ್ ಪೈಪಿಗೆ ಎಷ್ಟು, ಎಲ್ಲ ಬಾಯಲ್ಲೇ ಇತ್ತು. ಪೆನ್ನು ಹಿಡೀದೆ ಕೂಡಿ ಹೇಳಿದ. ಸಾಲ ಇನ್ನೂ ತೀರಿಲ್ಲ ಅಂತಲೂ ಹೇಳಿದ. ಅವನ ಮನೆ ಲೆಕ್ಕ ನಮ್ಮ ಪುಸ್ತಕದೊಳಗೆ ಬಂದಿರಲಿಲ್ಲ, ಅಷ್ಟೇ.

4/6
ಗಣಿತದ ಲೆಕ್ಕ ವಿಜ್ಞಾನಕ್ಕೆ ತಾನಾಗೇ ದಾಟಿತು. ‘ಬೋರ್ ನೀರು ಇದ್ಯಲ್ಲ, ಮಳೆ ನೀರು ಯಾಕೆ ಕುಡೀಬೇಕು?’ ಅಂತ ಯಾರೋ ಕೇಳಿದ್ರು.

ಕೋಲಾರದ ಕಡೆಯವರಿಗೆ ಇದರ ಉತ್ತರ ಹಲ್ಲಿನಲ್ಲೇ ಕಾಣುತ್ತೆ. ಕಂದು ಪಟ್ಟೆ. ಗ್ರಾನೈಟ್‌ನಂಥ ಗಟ್ಟಿ ಬಂಡೆಗಳಲ್ಲಿರೋ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತೆ. ಬಂಡೆಯ ಸಂದಿಯಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಹೆಚ್ಚು. ಕುಡಿಯೋ ನೀರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ಮೂಲವೇ ಇಲ್ಲದಿದ್ರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ ಹೇಳುತ್ತೆ. ಅದು ಮೀರಿದ ನೀರನ್ನ ಚಿಕ್ಕಂದಿನಿಂದ ಕುಡಿದ್ರೆ ಹಲ್ಲಿನ ಮೇಲೆ ಕಲೆ. ತುಂಬಾ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದ್ರೆ ಮೂಳೆಗೂ ತೊಂದರೆ. ಕಾಯಿಸಿದ್ರೆ ಹೋಗಲ್ಲ, ಎಷ್ಟು ಉಜ್ಜಿದ್ರೂ ಕಲೆ ಹೋಗಲ್ಲ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲ ಅನ್ನೋ ಅಷ್ಟು ಕಡಿಮೆ. ಆದ್ರೆ ಚಾವಣಿ ಗುಡಿಸಿರಬೇಕು, ಮೊದಲ ಮಳೆ ಹೊರಗೆ ಬಿಡಬೇಕು, ಸೋಸಬೇಕು, ಕುಡಿಯೋ ಮುಂಚೆ ಕಾಯಿಸಬೇಕು.

ಆ ಕ್ಲಾಸಲ್ಲಿ ಒಬ್ಬ ಹುಡುಗಿ ನಗುವಾಗೆಲ್ಲ ದುಪಟ್ಟಾದಿಂದ ಬಾಯಿ ಮುಚ್ಕೊಳ್ತಿದ್ದಳು. ಸರಿಯಾಗಿ ಹಲ್ಲುಜ್ಜಲ್ಲ ಅಂತ ಎಲ್ಲರೂ ರೇಗಿಸ್ತಿದ್ರಂತೆ. ಅವಳ ಹೆಸರು ತೆಗೀದೆ, ಯಾರ ಹಲ್ಲನ್ನೂ ತೋರಿಸದೆ, ನಾನು ನೀರಿನ ಬಗ್ಗೆ ಮಾತ್ರ ಹೇಳಿದೆ. ಕ್ಲಾಸ್ ಮುಗಿದ ಮೇಲೆ ಹತ್ತಿರ ಬಂದು ಕೇಳಿದಳು, ‘ಹಂಗಾದ್ರೆ ಇದು ನಂದು ತಪ್ಪಲ್ವಾ ಮಿಸ್?’

ಅಲ್ಲ ಕಣಮ್ಮ, ನಿಂದಲ್ಲ.

ಪರಿಸರ ಶಿಕ್ಷಣದಿಂದ ಏನು ಸಿಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ ಇದನ್ನೇ ಹೇಳ್ತೀನಿ.

5/6
ಶಾಲೆಯ ಹಿಂದೆ ಒಂದು ಹಳೇ ಸಿಮೆಂಟ್ ತೊಟ್ಟಿ ಇತ್ತು. ಮಕ್ಕಳು ಅದರ ಮೇಲೆ ಕೂತು ಬಿಸಿಯೂಟ ಮಾಡ್ತಿದ್ರು. ಅದೇನು ಅಂತ ಹೆಡ್‌ಮೇಷ್ಟ್ರನ್ನ ಕೇಳಿದಾಗ ಗೊತ್ತಾಯ್ತು, ಅದು ‘ಸುವರ್ಣ ಜಲ’ದ ತೊಟ್ಟಿ. ರಾಜ್ಯಕ್ಕೆ 50 ವರ್ಷ ತುಂಬಿದ ಹೊತ್ತಲ್ಲಿ ಹಳ್ಳಿ ಶಾಲೆಗಳ ಚಾವಣಿ ನೀರು ಹಿಡಿಯೋಕೆ ಸರ್ಕಾರ ತಂದ ಯೋಜನೆ. ಪೈಪ್ ಎಂದೋ ಒಡೆದು ಹೋಗಿತ್ತು. ತೊಟ್ಟಿ 5,000 ಲೀಟರಿಂದು. ಮಕ್ಕಳೇ ಅಳೆದು ಹೇಳಿದ್ರು.

ಕನ್ನಡದಲ್ಲಿ ಪತ್ರಲೇಖನ ಇದ್ದೇ ಇದೆ. ಯಾವಾಗಲೂ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ, ಇಲ್ಲಾ ಪ್ರವಾಸಕ್ಕೆ ದುಡ್ಡು ಕೇಳಿ ತಂದೆಗೆ. ಕನ್ನಡ ಮೇಡಂ ಒಪ್ಪಿದ್ರು. ಈ ಸಲ ನಿಜವಾದ ಪತ್ರ, ಗ್ರಾಮ ಪಂಚಾಯ್ತಿ ಪಿಡಿಒ ಅವರಿಗೆ. ‘ಇವರಿಗೆ, ಇವರಿಂದ, ವಿಷಯ’ ಎಲ್ಲ ಸರಿಯಾಗಿ. ಒಳಗೆ 3,072 ಲೀಟರ್, 17 ದಿನ, ಬೇಕಾದ ಪೈಪಿನ ಉದ್ದ. ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಹಾಕಿಸಿ ಕೊಟ್ಟು ಬಂದ್ವಿ.

ಸಮಾಜ ವಿಜ್ಞಾನದಲ್ಲಿ ಮಕ್ಕಳು ಊರಿನ ಅಜ್ಜಂದಿರನ್ನ ಕೇಳಿಕೊಂಡು ಬಂದ್ರು. ತೂಬು ಎಲ್ಲಿತ್ತು, ಕೋಡಿ ಎಲ್ಲಿ, ಯಾರ ಗದ್ದೆಗೆ ಯಾವಾಗ ನೀರು ಅಂತ ತೀರ್ಮಾನ ಮಾಡ್ತಿದ್ದ ನೀರುಗಂಟಿ ಯಾರು. ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆ 2018ರಿಂದ ಇದೆ. ಬೋರ್‌ಗಳಿಗೆ ನೀರು ಬಂತು ಅನ್ನೋರು ಇದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅಂತ ಹೋರಾಡೋರೂ ಇದ್ದಾರೆ. ಎರಡೂ ಕಡೆ ಮಾತಾಡಿಸಿದೆ. ಯಾರು ಸರಿ ಅಂತ ನಾನು ತೀರ್ಪು ಕೊಡಲಿಲ್ಲ. ಗಂಟೆ ಹೊಡೆದ ಮೇಲೂ ಜಗಳ ನಿಲ್ಲಲಿಲ್ಲ!

ಎಲ್ಲರಿಗೂ ಇಷ್ಟ ಆಯ್ತು ಅಂತಲ್ಲ. ಪಾಠ ನೋಡೋಕೆ ಬಂದ ಮೇಲ್ವಿಚಾರಕರು ‘ಗಣಿತಕ್ಕಿಂತ ನೀರೇ ಜಾಸ್ತಿಯಾಗಿದೆ’ ಅಂತ ಷರಾ ಬರೆದ್ರು. ಘಟಕ ಪರೀಕ್ಷೆಯಲ್ಲಿ ವಿಸ್ತೀರ್ಣದ ಲೆಕ್ಕ ಬಿಟ್ಟವರು ಇಬ್ಬರೇ, ಆದ್ರೆ ಅದನ್ನ ಬರೆಯೋ ಕಾಲಂ ಆ ಹಾಳೆಯಲ್ಲಿ ಇರಲಿಲ್ಲ. ಪಂಚಾಯ್ತಿಯವರು ಬಂದು ನೋಡಿ ಎರಡು ಕೊಠಡಿಗೆ ಪೈಪ್ ಹಾಕಿಸಿದ್ರು. ಇನ್ನೆರಡು ಬಾಕಿ. ಫಿಲ್ಟರ್ ಬಂದಿಲ್ಲ, ಹಾಗಾಗಿ ಆ ನೀರು ಸದ್ಯಕ್ಕೆ ಕೈ ತೊಳೆಯೋಕೆ, ತಟ್ಟೆ ತೊಳೆಯೋಕೆ, ಗಿಡಕ್ಕೆ ಮಾತ್ರ. ಕುಡಿಯೋಕೆ ಅಲ್ಲ. ನನ್ನ ಇಂಟರ್ನ್‌ಶಿಪ್ ಅಷ್ಟರಲ್ಲಿ ಮುಗೀತು. ಎರಡನೇ ಪತ್ರ ಮಕ್ಕಳೇ ಬರೀತಾರೆ ಅಂತ ಕನ್ನಡ ಮೇಡಂ ಹೇಳಿದ್ದಾರೆ.

6/6
ಮುಂದಿನ ಬ್ಯಾಚ್‌ನವರು ಕೆಲವರು ಮೆಸೇಜ್ ಮಾಡಿ ‘ಪೋರ್ಷನ್ ಮುಗಿಸೋದೇ ಕಷ್ಟ, ಇದೆಲ್ಲ ಎಲ್ಲಿ ಸೇರಿಸೋದು ಅಕ್ಕ?’ ಅಂತ ಕೇಳಿದ್ರಿ. ನ್ಯಾಯವಾದ ಮಾತು. ಮೇಷ್ಟ್ರುಗಳ ಮೇಲೆ ಬಿಸಿಯೂಟ, ಸರ್ವೆ, ಆನ್‌ಲೈನ್ ಎಂಟ್ರಿ ಅಂತ ಈಗಾಗಲೇ ಬೇಕಾದಷ್ಟಿದೆ. ಅದಕ್ಕೇ ಹೇಳ್ತೀನಿ, ಹೊಸ ಪೀರಿಯಡ್ ಬೇಡ, ಹೊಸ ಪುಸ್ತಕ ಬೇಡ. ಇರೋ ಪಾಠದ ಉದಾಹರಣೆ ಬದಲಾಯಿಸಿ ಸಾಕು.

ನಾನು ಪಾಠ ಯೋಜನೆ ಬರೆಯುವಾಗ ಮೂರು ಪ್ರಶ್ನೆ ಕೇಳ್ಕೊಳ್ತೀನಿ:

ಒಂದು, ಈ ಲೆಕ್ಕದ ಅಂಕಿ ಈ ಊರಿಂದೇನಾ? ಕರೆಂಟ್ ಬಿಲ್, ಹಾಲಿನ ಡೈರಿಯ ಚೀಟಿ, ಮಳೆಯ ಅಳತೆ, ಏನಾದ್ರೂ ಸರಿ.

ಎರಡು, ಮಕ್ಕಳ ಮನೆಯಲ್ಲಿ ಇದರ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಅವರನ್ನ ಕ್ಲಾಸಿಗೆ ಕರೀಬಹುದಾ?

ಮೂರು, ಪಾಠದ ಕೊನೆಗೆ ಯಾರಿಗಾದ್ರೂ ಏನಾದ್ರೂ ಕೇಳೋಕೆ ಆಗುತ್ತಾ? ಪಂಚಾಯ್ತಿಗೆ, ಎಸ್‌ಡಿಎಂಸಿಗೆ, ಇಲ್ಲಾ ಮನೆಯವರಿಗೆ?

ಅಂಕಗಳ ಚಿಂತೆ ಇದ್ರೆ, ರೂಪಣಾತ್ಮಕ ಮೌಲ್ಯಮಾಪನಕ್ಕೆ ಚಟುವಟಿಕೆ ಹೇಗೂ ಮಾಡಿಸಲೇಬೇಕು. ಥರ್ಮೋಕೋಲ್ ಮಾಡೆಲ್ ಬದಲು ಚಾವಣಿ ಅಳೆಸಿ. ಥರ್ಮೋಕೋಲ್ ತಂದು ‘ಪ್ಲಾಸ್ಟಿಕ್ ಬೇಡ’ ಅಂತ ಮಾಡೆಲ್ ಮಾಡಿಸೋದನ್ನ ಮೊದಲು ನಿಲ್ಲಿಸೋಣ ಮಾರಾಯ್ರೆ.

ಊರು ಬೇರೆಯಾದ್ರೆ ಪ್ರಶ್ನೆನೂ ಬೇರೆಯಾಗುತ್ತೆ. ಕರಾವಳಿಯ ಶಾಲೆಗೆ ಕಡಲ್ಕೊರೆತ, ಮಲೆನಾಡಿಗೆ ಗುಡ್ಡ ಕುಸಿತ, ಬೆಂಗಳೂರಿನ ಶಾಲೆಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಹೇಗೆ ಮೇಲೇರಿ ಬರುತ್ತೆ, ಅದಕ್ಕೆ ಎಷ್ಟು ಕರೆಂಟ್ ಬೇಕು ಅನ್ನೋ ಲೆಕ್ಕ. ಅಲ್ಲಿ ಬೇಕಾದ್ರೆ ಗೋಡೆ ಮೇಲೆ ‘ಮಿತವಾಗಿ ಬಳಸಿ’ ಅಂತ ಬರೀರಿ, ಅಲ್ಲಿಗೆ ಒಪ್ಪುತ್ತೆ.

ನಿಮ್ಮ ಶಾಲೆ ಯಾವ ಊರಲ್ಲಿದೆ, ಯಾವ ಪಾಠ ಮಾಡ್ತಿದ್ದೀರಿ, ಕಾಮೆಂಟ್‌ನಲ್ಲಿ ಬರೀರಿ. ಉದಾಹರಣೆ ಒಟ್ಟಿಗೆ ಹುಡುಕೋಣ. ಇಂಟರ್ನ್‌ಶಿಪ್‌ಗೆ ಹೋಗ್ತಿರೋ ಫ್ರೆಂಡ್‌ಗೆ ಇದನ್ನ ಕಳಿಸಿ. ಮತ್ತೆ, ಹೋದ ಮೊದಲ ದಿನ ಶಾಲೆ ಹಿಂದೆ ಒಂದ್ಸಲ ಸುತ್ತಾಡಿ ನೋಡಿ. ತೊಟ್ಟಿ ಇರಬಹುದು.

#ಬಿಎಡ್‌ಡೈರಿ #ಸರ್ಕಾರಿಶಾಲೆ #ಕೋಲಾರ #ಮಳೆನೀರು