ಬೋರಲು ಮಲಗಿದ ತಮ್ಮ

2021ರ ಮೇ ತಿಂಗಳಲ್ಲಿ ನನ್ನ ತಮ್ಮನು ಕೋವಿಡ್ ರೋಗದಿಂದ ಶ್ವಾಸಕೋಶಗಳು ಸೋತು, ತೀವ್ರನಿಗಾ ಘಟಕದಲ್ಲಿ ವೆಂಟಿಲೇಟರಿನ ಆಶ್ರಯದಲ್ಲಿದ್ದನು. ಗಾಜಿನ ಕಿಂಡಿಯಿಂದ ನೋಡಲಾಗಿ, ಅವನನ್ನು ಬೋರಲು ಮಲಗಿಸಿದ್ದರು. ಉಸಿರಿಗಾಗಿ ಹೋರಾಡುವವನ ಎದೆಯನ್ನೇ ಹಾಸಿಗೆಗೆ ಅದುಮುವುದೆ ಎಂದು ಕೆರಳಿ ನುಡಿದೆನು.

ಹೊರಬಂದ ದಾದಿಯು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಸಂಧಿ ತಪ್ಪಿದಾಗಲೆಲ್ಲ ನನ್ನಿಂದ ಗದರಿಸಿಕೊಂಡವಳು. "ಗುರುಗಳೆ, ಅಂಗಾತ ಮಲಗಿದರೆ ಹೃದಯದ ಭಾರವೂ ನೀರು ತುಂಬಿದ ಶ್ವಾಸಕೋಶದ ಭಾರವೂ ಬೆನ್ನಿನ ಕಡೆಯ ಗಾಳಿಗೂಡುಗಳ ಮೇಲೆ ಬೀಳುತ್ತವೆ. ಬೋರಲಾದರೆ ಅವು ತೆರೆಯುತ್ತವೆ, ರಕ್ತದ ಹರಿವು ಹೆಚ್ಚಾಗಿರುವುದೂ ಅಲ್ಲಿಯೇ" ಎಂದು ಬಿಡಿಸಿ ಹೇಳಿದಳು. ಒಬ್ಬರು ತಲೆಯ ಬಳಿ ನಳಿಕೆಯನ್ನು ಹಿಡಿದಿರಲು, ನಾಲ್ವರು ಕೂಡಿ ಅವನನ್ನು ಹೊರಳಿಸುತ್ತಿದ್ದರಂತೆ. ದಿನಕ್ಕೆ 16 ಗಂಟೆ ಬೋರಲು.

ಬಳಿಕ ಓದಿ ತಿಳಿದೆನು: ಫ್ರಾನ್ಸಿನ ವೈದ್ಯರು ಮುಂದಾಗಿ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂತಹ 466 ರೋಗಿಗಳಿದ್ದರು. 28 ದಿನಗಳೊಳಗೆ ತೀರಿಕೊಂಡವರು, ಅಂಗಾತ ಮಲಗಿದವರಲ್ಲಿ ನೂರಕ್ಕೆ ಸುಮಾರು 33. ಬೋರಲು ಮಲಗಿದವರಲ್ಲಿ 16.

ತಮ್ಮನು ಉಳಿದನು. ಕಾಯಕವೆಂಬ ಪದದ ಅರ್ಥವನ್ನು ವರ್ಷವರ್ಷವೂ ಹಲಗೆಯ ಮೇಲೆ ಬರೆದವನು ನಾನು. ಅದನ್ನು ಕಣ್ಣಿಗೆ ಕಾಣಿಸಿದವಳು ನನ್ನ ಶಿಷ್ಯೆ. ಅಂದಿನ ಬಿರುನುಡಿಗಾಗಿ ಅವಳ ಕ್ಷಮೆಯನ್ನು ಆಗಲೇ ಬೇಡಿದ್ದೇನೆ. ಶ್ರೀಮಠದ ಈ ಸಂಪುಟದಲ್ಲಿ ಮತ್ತೊಮ್ಮೆ ಬೇಡುತ್ತೇನೆ.