ಕಾಡಿನ ನೆಲದಲ್ಲಿ ಚಿನ್ನದ ದನಿ

ಚಿನ್ನವೆಂದೊಡನೆ ಆಳವಾದ ಗಣಿಯೂ ಕತ್ತಲೆಯ ಸುರಂಗವೂ ನಮ್ಮ ಕಣ್ಮುಂದೆ ಬರುವುದು ಸಹಜ. ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ ಅದು ಹಲವೆಡೆ ಮೇಲ್ಮಣ್ಣಿನಲ್ಲಿಯೇ ಇತ್ತು. 1869ರಲ್ಲಿ ಮೋಲಿಯಾಗಲ್ ಎಂಬಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ ದೊರೆತ 'ವೆಲ್ಕಮ್ ಸ್ಟ್ರೇಂಜರ್' ಗಟ್ಟಿಯು ಮರದ ಬೇರಿನ ಬಳಿ, ಎರಡು ಬೆರಳಿನಷ್ಟು ಆಳದಲ್ಲಿ ಅಡಗಿತ್ತು. ಅದರಲ್ಲಿದ್ದ ಅಪರಂಜಿಯೇ 70 ಕಿಲೋಗ್ರಾಮಿಗೆ ಮಿಗಿಲು. ಸಮೀಪದ ಡನೋಲಿ ಪಟ್ಟಣದಲ್ಲಿ ಅದನ್ನು ತೂಗುವಷ್ಟು ದೊಡ್ಡ ತಕ್ಕಡಿಯಿರದೆ ಅಡಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತಂತೆ!

ಮೆಲ್ಬೋರ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನೆರೆಮನೆಯ ವೃದ್ಧರೊಬ್ಬರು ನನ್ನನ್ನು ಆ ಡನೋಲಿಯ ಕಾಡಿಗೆ ಕರೆದೊಯ್ದರು. ಕರಿಯ ತೊಗಟೆಯ ಐರನ್‌ಬಾರ್ಕ್ ಮರಗಳು, ಬೆಣಚುಕಲ್ಲು ಚೆಲ್ಲಿದ ಕೆಂಪು ನೆಲ. 1850ರ ದಶಕದ ಜನ ತೋಡಿದ ಗುಂಡಿಗಳು ಇಂದಿಗೂ ಬಾಯ್ದೆರೆದುಕೊಂಡಿವೆ. ಆ ನೆಲದ ಮೂಲನಿವಾಸಿಗಳಾದ ಜಾ ಜಾ ವುರಂಗ್ ಜನರು ಅದನ್ನು 'ತಲೆಕೆಳಗಾದ ನಾಡು' ಎಂದೇ ಕರೆಯುತ್ತಾರೆ. ಆ ಮಾತಿನ ಅರ್ಥ ಅಲ್ಲಿ ಹತ್ತು ಹೆಜ್ಜೆ ನಡೆದವರಿಗೆ ತಾನಾಗಿ ತಿಳಿಯುತ್ತದೆ.

ವೃದ್ಧರ ಕೈಯಲ್ಲಿ ಲೋಹಶೋಧಕ ಯಂತ್ರವಿತ್ತು. ಅದರ ಸುರುಳಿಯು ಕಾಂತೀಯ ಮಿಡಿತಗಳನ್ನು ನೆಲಕ್ಕೆ ಕಳುಹಿ, ಪ್ರತಿ ಮಿಡಿತವು ನಿಂತ ಮರುಕ್ಷಣ ಲೋಹದಿಂದ ಮರಳುವ ಕ್ಷೀಣ ಪ್ರತಿಸ್ಪಂದನವನ್ನು ಹಿಡಿಯುತ್ತದೆ. 1980ರಲ್ಲಿ ಕಿಂಗೋವರ್ ಬಳಿ 27 ಕಿಲೋಗ್ರಾಮಿನ 'ಹ್ಯಾಂಡ್ ಆಫ್ ಫೇತ್' ದೊರೆತದ್ದೂ ಲೋಹಶೋಧಕ ಯಂತ್ರದಿಂದಲೇ. ಆದರೆ ಕಬ್ಬಿಣದ ಅಂಶವುಳ್ಳ ಮಣ್ಣು ತಾನೂ ಗುಂಯ್‌ಗುಡುತ್ತದೆ. ಆ ಗುಂಯ್‌ಗಾರದೊಳಗಿನ ಸಣ್ಣದೊಂದು ಏರಿಳಿತವನ್ನು ಕಿವಿಯೇ ಗುರುತಿಸಬೇಕು.

ಅವರ ಕಷ್ಟವೂ ಅದೇ ಆಗಿತ್ತು. ಹಿಂದೆ ಅವರೂ ಅವರ ಪತ್ನಿಯೂ ಕೂಡಿ ಬರುತ್ತಿದ್ದರು. ಯಂತ್ರ ಇವರದು, ಕಿವಿ ಆಕೆಯದು. ಆಕೆ ತೀರಿಹೋದರು. ಇವರ ಕಿವಿಗೆ ಈಗ ಸೂಕ್ಷ್ಮ ದನಿಗಳು ಬೀಳವು. "ನೀವು ಕೇಳಿ ಹೇಳಿ, ನಾನು ಅಗೆಯುತ್ತೇನೆ" ಎಂದು ಶ್ರವಣಸಾಧನವನ್ನು ನನ್ನ ಕೈಗಿತ್ತರು.

ಮಧ್ಯಾಹ್ನದವರೆಗೆ ದೊರೆತದ್ದು ಮೊಳೆ, ಡಬ್ಬಿಯ ಚೂರು, ಬೇಟೆಯ ಸೀಸದ ಗುಂಡುಗಳು. ಯಂತ್ರವು ಲೋಹವುಂಟೆಂದು ಸಾರುವುದೇ ಹೊರತು ಯಾವ ಲೋಹವೆಂದು ಖಚಿತವಾಗಿ ಹೇಳಲಾರದು. ಆದುದರಿಂದ ದನಿಯೆದ್ದಲ್ಲೆಲ್ಲ ಅಗೆಯಲೇಬೇಕು. ಅಗೆದುದನ್ನು ಮುಚ್ಚಲೂ ಬೇಕು. 'ಮೈನರ್ಸ್ ರೈಟ್' ಎಂಬ ಪರವಾನಗಿಯ ನಿಯಮವದು. ಮೊಳೆ ಸಿಕ್ಕಿದ ಗುಂಡಿಯನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಮುಚ್ಚಿ, ಮೇಲೆ ತರಗೆಲೆ ಹರಡುತ್ತಿದ್ದುದನ್ನು ಕಂಡು ನನಗೆ ಅವರಲ್ಲಿ ಗೌರವ ಹೆಚ್ಚಿತು.

ಹಳೆಯ ಗುಂಡಿಯೊಂದರ ಅಂಚಿನಲ್ಲಿ ದನಿ ಒಮ್ಮೆ ತುಸುವೇ ಬಾಗಿದಂತಾಯಿತು. ಮತ್ತೆ ಬೀಸಿದೆವು; ಮತ್ತೆ ಬಾಗಿತು. ಅವರಿಗೇನೂ ಕೇಳಿಸಲಿಲ್ಲ. ಆದರೂ ನನ್ನ ಮಾತನ್ನು ನಂಬಿ ಮೊಣಕಾಲೂರಿ ಗೇಣುದ್ದ ಅಗೆದರು. ಪ್ಲಾಸ್ಟಿಕ್ ಮೊಗೆಯಲ್ಲಿ ಮಣ್ಣು ತುಂಬಿ, ಅರ್ಧರ್ಧ ಮಾಡಿ ಸುರುಳಿಯ ಮೇಲಾಡಿಸುತ್ತ ಬಂದಾಗ ಕೊನೆಗೆ ಅಂಗೈಯಲ್ಲಿ ಉಳಿದದ್ದು ಜೋಳದ ಕಾಳಿನಷ್ಟು ಚಿನ್ನ. ಉಗುಳು ಹಚ್ಚಿ ಉಜ್ಜಿದರು, ಹೊಳೆಯಿತು.

ಅದನ್ನು ಡಬ್ಬಿಗಿಟ್ಟು ಗುಂಡಿ ಮುಚ್ಚಿ ಮುಗಿಸಿದ ಬಳಿಕ, "ದನಿ ಹೇಗಿತ್ತು?" ಎಂದು ಕೇಳಿದರು. ಪಕ್ಕದ ಕೋಣೆಯಲ್ಲಿ ಯಾರೋ ಉಸಿರೆಳೆದುಕೊಂಡಂತಿತ್ತು ಎಂದೆ. "ಹೌದು, ಅವಳೂ ಹಾಗೆಯೇ ಹೇಳುತ್ತಿದ್ದಳು" ಎಂದರು.